ಮೂರನೆಯ ಸಾಲು

"ಈ ಸಲ ಮೇಲಿಂದ ಓದ್ತೀನಿ ಮೇಡಂ," ಎಂದು ಪುರಸಭೆಯ ಅಧ್ಯಕ್ಷರು ಕೆಂಪು ಪೆನ್ನು ಕೈಗೆತ್ತಿಕೊಂಡಾಗ ಲೆಕ್ಕಾಧಿಕಾರಿಯ ಕಣ್ಣು ಬಜೆಟ್ ಪಟ್ಟಿಯ ಮೂರನೆಯ ಸಾಲಿಗೆ ಓಡಿತು.

ಆ ಕಚೇರಿಯಲ್ಲಿ ಬಜೆಟ್ಟಿಗೆ ಕತ್ತರಿ ಬೀಳುವುದು ಯಾವಾಗಲೂ ಪಟ್ಟಿಯ ಕೆಳಗಿನಿಂದ. ಲೆಕ್ಕ ಸರಿಹೊಂದಿದ ಕೂಡಲೇ ಎಲ್ಲರೂ ಕಾಫಿಗೆ ಏಳುತ್ತಿದ್ದರು. ಮೇಲಿನ ಸಾಲುಗಳನ್ನು ಓದುವ ಪುರುಸೊತ್ತು ಯಾರಿಗಿತ್ತು? "ಮನಸ್ಸಿಗೆ ಬೇಕಾದ್ದನ್ನ ಸಂಬಳ, ಕರೆಂಟಿನ ಕೆಳಗೇ ಬರಿ ಮಗಳೇ, ಯಾರೂ ಮುಟ್ಟಲ್ಲ," ಎಂದು ಹಳೆಯ ಹೆಡ್ ಗುಮಾಸ್ತರು ಹೇಳಿಕೊಟ್ಟಿದ್ದರು. ಪುಣ್ಯಾತ್ಮ, ಊರಿನ ಓದುವ ಕೋಣೆಯನ್ನು ಮೂವತ್ತು ವರ್ಷ ಹಾಗೆಯೇ ಉಳಿಸಿಕೊಂಡು ಬಂದಿದ್ದರು. ಈಗ ಅವರದೇ ಕುರ್ಚಿಯಲ್ಲಿ ಕೂತು ಈಕೆ ಮೂರನೆಯ ಸಾಲಿನಲ್ಲಿ ಬರೆದಿದ್ದಳು: ಮಾರುಕಟ್ಟೆಯಲ್ಲಿ ಹೆಂಗಸರ ಶೌಚಾಲಯ. ಅಧ್ಯಕ್ಷರು ಕಟ್ಟಿಸಬೇಕೆಂದಿದ್ದ ಕಾರಂಜಿಯನ್ನು ಬೇಕೆಂದೇ ಕೊನೆಗೆ ತಳ್ಳಿದ್ದಳು.

ಪೆನ್ನು ಮೂರನೆಯ ಸಾಲಿನಲ್ಲೇ ನಿಂತಿತು. "ಗುಮಾಸ್ತಜ್ಜನ ಆಟ ನಂಗೂ ಗೊತ್ತು," ಅಧ್ಯಕ್ಷರು ನಕ್ಕರು. "ಇದು ಮುಂದಿನ ವರ್ಷ ನೋಡೋಣ. ಮಾರುಕಟ್ಟೆ ಮುಂದೆ ಕಾರಂಜಿ ಆಗ್ಲೇಬೇಕು, ನಮ್ಮಮ್ಮನ ಹೆಸರಲ್ಲಿ. ಎರಡಕ್ಕೂ ದುಡ್ಡು ಸಾಲಲ್ಲ."

ಅದೇ ಮಾರುಕಟ್ಟೆಯಲ್ಲಿ ಸೂಜಿದಾರ ಮಾರಿ ಮಗನನ್ನು ಓದಿಸಿದ ತಾಯಿ ಆಕೆ. ಬೆನ್ನ ಹಿಂದೆ ಊರವರು ಇವರನ್ನು ಈಗಲೂ ಸೂಜಿ ಅಧ್ಯಕ್ಷರು ಎಂದೇ ಕರೆಯುತ್ತಿದ್ದರು. ತಾಯಿಯ ಹೆಸರು ಹೇಳಿದವರಿಗೆ ಬೇಡ ಎನ್ನುವುದಾದರೂ ಹೇಗೆ?

"ನಮ್ಮಮ್ಮನೂ ಅಲ್ಲೇ ಸೊಪ್ಪು ಮಾರ್ತಿದ್ಲು ಸರ್," ಎಂದಳು. "ನಿಮ್ಮಮ್ಮನಿಂದ ನಾಲ್ಕನೇ ಅಂಗಡಿ. ಗೋಣಿಚೀಲದ ಮೇಲೆ ಕೂತು ನಾವೆಲ್ಲ ಮಗ್ಗಿ ಬಾಯಿಪಾಠ ಮಾಡಿದ್ದು ನೆನಪಿದೆಯಾ?"

"ಅಯ್ಯೋ, ಮರೆಯೋಕಾಗುತ್ತಾ! ಆ ಮೂಲೇಲಿ ನಲ್ಲಿ ಇತ್ತು, ಐಸಿನಂಥ ನೀರು!"

"ಆ ನೀರನ್ನ ನಮ್ಮಮ್ಮ ಸಂಜೆವರೆಗೂ ಒಂದು ಗುಟುಕೂ ಕುಡೀತಿರ್ಲಿಲ್ಲ."

"ಅದ್ಯಾಕೆ?"

"ಕುಡಿದ್ರೆ ಆಮೇಲೆ ಹೋಗೋದೆಲ್ಲಿಗೆ ಸರ್?"

ಅಧ್ಯಕ್ಷರ ಮುಖದ ನಗು ಇಳಿಯಿತು. ಆಮೇಲೆ ಕೆಂಪು ಪೆನ್ನು ಮೆಲ್ಲಗೆ ಕೊನೆಯ ಸಾಲಿಗೆ ಇಳಿದು ಕಾರಂಜಿಯ ಮೇಲೆ ಗೀಟು ಎಳೆಯಿತು.

"ನಮ್ಮಮ್ಮನೂ ಸಂಜೆ ಮನೆಗೆ ಬಂದೋಳೇ ಚಪ್ಪಲೀನೂ ಬಿಡದೆ ಚೊಂಬು ಎತ್ತೋಳು ಮೇಡಂ," ಎಂದರು, ತಲೆ ಎತ್ತದೆ. "ಗಟಗಟ ಅಂತ ಕುಡಿಯೋಳು, ಕುತ್ತಿಗೆಯೆಲ್ಲ ಒದ್ದೆ. ನಾನು ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿ ಎಣಿಸ್ತಿದ್ದೆ, ಒಂದು ಚೊಂಬು, ಎರಡು ಚೊಂಬು... ನನ್ನನ್ನ ನಗಿಸೋಕೆ ಕುಡೀತಾಳೆ ಅಂದ್ಕೊಂಡಿದ್ದೆ."