ಹಾಲ್ವೊರ್‌ನ ಡೈರಿ

“ಹಾಲ್ವೊರ್ ನೂರಕ್ಕೆ ಎಪ್ಪತ್ತು ಪಾಲು ಬದುಕ್ತಾನಂತೆ, ತೊರುನ್! ಕಂಪ್ಯೂಟರ್ ಲೆಕ್ಕ ಹಾಕಿದೆ. ಡೈರೀಲಿ ಬರಿ,” ಎಂದ ಡಾಕ್ಟರ್ ಸಿಂದ್ರೆ.

ವೆಂಟಿಲೇಟರ್‌ನಲ್ಲಿ ಮಲಗಿದವರು ಎದ್ದಮೇಲೆ ಓದಲೆಂದು ಆ ವಾರ್ಡಿನ ನರ್ಸುಗಳು ದಿನಾ ಡೈರಿ ಬರೆಯುತ್ತಾರೆ. ಏಳದವರದ್ದು ಮನೆಯವರ ಕೈಸೇರುತ್ತದೆ. ಫ್ಲೂ ಶ್ವಾಸಕೋಶಕ್ಕಿಳಿದು ಮಲಗಿದ ಲೋಫೊಟೆನ್ ದ್ವೀಪದ ಮೀನುಗಾರ ಹಾಲ್ವೊರ್‌ಗೆ ನರ್ಸ್ ತೊರುನ್ ಹನ್ನೊಂದು ದಿನ ಬರೆದಿದ್ದಳು: ‘ಹಾಲ್ವೊರ್, ಇವತ್ತು ನಿನ್ನ ಗಡ್ಡ ಬೋಳಿಸಿದೆ, ಬೈಬೇಡ.’

ಅವಳು ಹೊದಿಕೆ ಸರಿಸಿ ಅವನ ಮಂಡಿ ಮುಟ್ಟಿದಳು. ತಣ್ಣಗೆ ಕೊರೆಯುತ್ತಿತ್ತು, ಚರ್ಮದಡಿ ನೀಲಿ ಬಲೆ ಹರಡಿತ್ತು. “ನಿನ್ನ ಕಂಪ್ಯೂಟರ್ ಇದನ್ನ ಮುಟ್ಟಿ ನೋಡಿದ್ಯೇನೋ, ಮರಿ ಡಾಕ್ಟ್ರೇ?”

“ಶುರುವಾಯ್ತು ನಿನ್ನ ಮಂಡಿ ಶಾಸ್ತ್ರ! ಮಂಡಿ ನೀಲಿಗಟ್ಟಿದ್ರೆ ಸಾವು ಹತ್ರ ಅಂತ!” ಸಿಂದ್ರೆ ನಕ್ಕ.

ತೊರುನ್ ಡೈರಿಯ ಹೊಸ ಪುಟ ತೆರೆದು, ಮೊದಲ ಸಲ ಹಾಲ್ವೊರ್‌ನ ಹೆಂಡತಿಗೆ ಬರೆಯತೊಡಗಿದಳು: ‘ಪ್ರೀತಿಯ ಗುಡ್ರುನ್...’

ಬಗ್ಗಿ ಓದಿದ ಸಿಂದ್ರೆಯ ನಗು ಅಲ್ಲೇ ಸತ್ತಿತು. ಅವನು ಫೋನೆತ್ತಿಕೊಂಡ. “ಗುಡ್ರುನ್, ಈಗಲೇ ಹೊರಟು ಬನ್ನಿ.”