ಮಗ್ಗದ ಸದ್ದು

ತಲೆಗೆ ಪೆಟ್ಟು ಬಿದ್ದು ಅಪ್ಪ ಕೋಮಾಕ್ಕೆ ಹೋಗಿ ಹನ್ನೊಂದು ದಿನವಾಗಿತ್ತು. "ಪರಿಚಯದ ಸದ್ದು ಕಿವಿಗೆ ಬೀಳ್ತಾ ಇರಲಿ, ಮೆದುಳು ಎಚ್ಚೆತ್ತರೂ ಎಚ್ಚೆತ್ತೀತು" ಅಂದಿದ್ದರು ಡಾಕ್ಟರು. ಮೂವತ್ತು ವರ್ಷ ಗಂಡನ ಹೆಸರೆತ್ತದ ಅವ್ವ, ಆಸ್ಪತ್ರೆಯ ಕೋಣೆಯಲ್ಲಿ ಹೆಸರು ಹಿಡಿದು ಕೂಗಿದಳು. ತಂಗಿ ಭಜನೆ ಹಾಡಿದಳು. ಅಪ್ಪನ ರೆಪ್ಪೆ ಅಲುಗಲಿಲ್ಲ.

ಕೊನೆಗೆ ಮಗ ಮನೆಗೆ ಓಡಿದ. ಅಪ್ಪನ ಪವರ್‌ಲೂಮ್ ಮಗ್ಗದ ಸದ್ದನ್ನು ಮೊಬೈಲಿಗೆ ತುಂಬಿಕೊಂಡು ಬಂದು ಅಪ್ಪನ ಕಿವಿಗೆ ಹಿಡಿದ. ಮೂರು ದಿನ ಹಿಡಿದ.

"ಇದು ಆಸ್ಪತ್ರೆನೋ ಕಾರ್ಖಾನೇನೋ? ಬಂದ್ ಮಾಡಪ್ಪಾ," ನರ್ಸಮ್ಮ ಗದರಿದಳು.

"ಮಾಡೂದಿಲ್ರಿ. ಈ ಸದ್ದಿಗೆ ಏಳದಾಂವ ಯಾವುದಕ್ಕೂ ಏಳೂದಿಲ್ಲ."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸಂಜೀಕ ಮನಿಗೆ ಒಯ್ಯಿರಿ ಅಂದಾರ ಡಾಕ್ಟರು. ಇನ್ನ ಸಾಕು ಬಿಡೋ. ಮಗ್ಗದ ಬಾಜೂಕ ಹಾಸ್ಗೊಂಡು, ಈ ಸದ್ದಿನಾಗನ ನಿದ್ದಿ ಮಾಡಿದ ಮನಶ್ಯಾ ಅವ್ರು. ಮಲಗ್ಲಿ."

ಮಗನಿಗೆ ಮೈಯೆಲ್ಲ ಉರಿಯಿತು. ಡಾಕ್ಟರ ಮೇಲೆ, ದೇವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಕಲ್ಲಿನಂತೆ ಬಿದ್ದಿದ್ದ ಅಪ್ಪನ ಮೇಲೆ.

"ಹಂಗಾರ ಸಾಯಿ, ಹೋಗು," ಅಂದವನೇ ಫೋನಿನ ಸದ್ದು ನಿಲ್ಲಿಸಿದ. ಅಪ್ಪನ ಎದೆಗೆ ಮುಖ ಒತ್ತಿ ಬಿಕ್ಕಿದ. ಕೋಣೆಯೆಲ್ಲ ಗಪ್ಪಾಯಿತು.

ಒಂದು ಕೈ ಅವನ ತಲೆಯ ಮೇಲೆ ತಡಕಾಡಿತು. ಆಮೇಲೆ ಒಣಗಿದ ಗಂಟಲಿನಿಂದ ಮಾತು ಹೊರಟಿತು.

"ಮಗ್ಗ ಯಾಕ ನಿಂತಿತೋ? ಎಳಿ ಹರೀತೇನು?"