ಚಂಪಾಳ ಬೆರಳುಗಳು

ರೊಟ್ಟಿ ಬಡಿಯುತ್ತಿದ್ದ ಶಾಂಭವಿ ಹಿಟ್ಟಿನ ಕೈಯಲ್ಲೇ ಒಲೆಯತ್ತ ಧಾವಿಸಿದಳು. ಹತ್ತು ವರ್ಷದ ಮಗಳು ಚಂಪಾ ಕಾದ ಹಂಚಿನ ಅಂಚಿಗೆ ಬೆರಳೂರಿ ನಿಂತಿದ್ದಳು. ಸುಡುತ್ತಿರುವುದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಗಂಡ ಗುರುಸಿದ್ಧನ ಕತ್ತಿನಲ್ಲಿ ಒತ್ತಿಹೋಗಿದ್ದ ಬೆನ್ನುಹುರಿಯನ್ನು ಶಸ್ತ್ರಚಿಕಿತ್ಸೆ ಮಾಡಿ ಬಿಡಿಸಿದ್ದರು. ಅವನ ಬೆರಳುಗಳಿಗೆ ಮಾತ್ರ ಸ್ಪರ್ಶ ಮರಳಲಿಲ್ಲ. ಇಂಥ ವೇಳೆ ಎಲ್ಲ ಮನೆಗಳಲ್ಲಿ ಮಾಡುವಂತೆ ರಕ್ತಸಂಬಂಧಿಯ ಬೆರಳುಗಳ ಸ್ಪರ್ಶವನ್ನೇ, ಅಂದರೆ ಚಂಪಾಳದನ್ನು, ಆಸ್ಪತ್ರೆಯಲ್ಲಿ ತೆಗೆಸಿ ಯುಗಾದಿಯವರೆಗೆ ಎರವಲಾಗಿ ಅವನಿಗೆ ಹಾಕಿಸಿದ್ದರು. ಯುಗಾದಿ ಕಳೆದು ತಿಂಗಳಾಗಿತ್ತು.

ಮಗಳ ಕೈಯನ್ನು ತಣ್ಣೀರಿನಲ್ಲಿ ಅದ್ದಿ ಹಿಡಿದು ಶಾಂಭವಿ ಕೂಗಿದಳು: "ರೀ, ಇವತ್ತ ಆಸ್ಪತ್ರಿಗೆ ಹೋಗೂಣು. ಕೂಸಿನದು ಕೂಸಿಗೆ ಕೊಟ್ಟುಬಿಡ್ರಿ."

ಮಗ್ಗದಲ್ಲಿ ಕೂತು, ಹರಿದ ರೇಷ್ಮೆ ಎಳೆಯನ್ನು ಕಣ್ಣು ಮುಚ್ಚಿಯೇ ಗಂಟು ಹಾಕುತ್ತಿದ್ದ ಗುರುಸಿದ್ಧ ತಲೆ ಎತ್ತಲಿಲ್ಲ.

"ಅದು ಕಾಯಂ ಐತಿ. ಆಸ್ಪತ್ರ್ಯಾಗ ಹಂಗಽ ಬರಕೊಟ್ಟೀನಿ."

"ಮೂರು ತಿಂಗಳದ್ದು ಅಂದ್ರಿ! ನಿಮ್ಮ ಮಾತಿನ ಮ್ಯಾಲೆ ಓದದಽ ಸಹಿ ಹಾಕೀನಿ!"

"ಓದಿದ್ರ ಹಾಕ್ತಿದ್ದಿಲ್ಲಲ್ಲ."

ಚಂಪಾ ಅವ್ವನ ಹಿಡಿತದಿಂದ ಕೈ ಬಿಡಿಸಿಕೊಂಡು ಮಗ್ಗದ ಬಳಿ ಹೋಗಿ ನಿಂತಳು. ಅಪ್ಪನ ಬೆರಳುಗಳನ್ನೇ ಬಹಳ ಹೊತ್ತು ನೋಡಿದಳು.

"ಅಪ್ಪಾ, ನನ್ನ ಕೇಳಿದ್ರ ನಾ ಕೊಡ್ತಿದ್ದಿಲ್ಲೇನು?"